ಮೊದಲ ರಿಟರ್ನ್

ಮದುವೆಯಾದ ಹೊಸದರಲ್ಲಿ ಅವಳು ಗಂಡನ ಬಳಿ ಒಂದು ಹೊಲಿಗೆ ಮಿಷನ್ ಕೇಳಿದ್ದಳು. ಹಾರ್ಡ್‌ವೇರ್ ಅಂಗಡಿಯ ಗಲ್ಲಾದಿಂದ ಕಣ್ಣೆತ್ತದೆಯೇ ಅವನು, "ಈ ಮನೆ ಹೆಂಗಸು ಊರವರ ರವಿಕೆ ಹೊಲಿಯೋದಾ? ನನ್ನ ಮರ್ಯಾದೆ ಏನಾಗ್ಬೇಕು?" ಅಂದಿದ್ದ. ಅವಳು ಮತ್ತೆ ಕೇಳಲಿಲ್ಲ.

ಹದಿನಾಲ್ಕು ವರ್ಷದ ಮೇಲೆ, ಜಗಳವಾಡಿಯೇ, ಶಾಲೆಯೊಂದರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ವರ್ಷ ತುಂಬಿದಾಗ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕು ಎಂದು ಶಾಲೆಯವರು ಹೇಳಿದರು. ಗಂಡ ಎಂದೋ ಅವಳ ಹೆಸರಲ್ಲಿ ಮಾಡಿಸಿಟ್ಟಿದ್ದ ಪ್ಯಾನ್ ಕಾರ್ಡನ್ನು ಬೀರುವಿನಿಂದ ತೆಗೆದುಕೊಂಡು, ಅವನಿಗೆ ಹೇಳದೆ, ಆಡಿಟರ್ ಒಬ್ಬರ ಬಳಿ ಹೋದಳು.

"ಇದೇ ಮೊದಲನೇ ಸಲ ಸಾರ್. ನಂಗೇನೂ ಗೊತ್ತಾಗಲ್ಲ."

ಆಧಾರ್‌ಗೆ ಜೋಡಿಸಿದ್ದ ಅವಳ ಫೋನಿಗೆ ಬಂದ ಓಟಿಪಿ ಹಾಕಿ ಆಡಿಟರ್ ಕಂಪ್ಯೂಟರ್ ನೋಡಿದರು.

"ಮೊದಲನೇ ಸಲ ಎಲ್ಲಮ್ಮಾ? ಹತ್ತು ವರ್ಷದಿಂದ ತಪ್ಪದೆ ಸಲ್ಲಿಸಿದ್ದೀರಲ್ಲ."

"ನಾನಾ? ನಂಗೆ ಒಂದು ಪೈಸೆ ಸಂಪಾದನೆ ಇರ್ಲಿಲ್ಲ ಸಾರ್."

"ಹೋದ ವರ್ಷ ನಾಲ್ಕೂವರೆ ಲಕ್ಷ ಆದಾಯ ತೋರಿಸಿದ್ದೀರಿ, ತೆರಿಗೆ ಬೀಳದಷ್ಟು. ಕೊಟ್ಟಿರೋ ಫೋನ್ ನಂಬರ್ ಕೊನೆಗೆ ಏಳು ಏಳು ಎರಡು."

"ಅದು ನಮ್ಮ ಯಜಮಾನರದು." ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ನಾನು ಏನು ಕೆಲಸ ಮಾಡ್ತೀನಿ ಅಂತ ಬರ್ದಿದ್ದಾರೆ?"

ಆಡಿಟರ್ ಕನ್ನಡಕ ಸರಿಮಾಡಿಕೊಂಡು ಓದಿದರು.

"ಹೊಲಿಗೆ."