ನೀರು ಕುಡಿಯದ ಹುಡುಗಿಯರು

ಬೆಳಗಿನ ಪ್ರಾರ್ಥನೆಯಲ್ಲಿ ಮತ್ತೊಬ್ಬ ಹುಡುಗಿ ತಲೆಸುತ್ತಿ ಬಿದ್ದ ಮೇಲೆ ಮುಖ್ಯೋಪಾಧ್ಯಾಯಿನಿ ತಾಲೂಕು ಆಸ್ಪತ್ರೆಯ ಡಾಕ್ಟರಮ್ಮನನ್ನು ಇಡೀ ದಿನದ ತಪಾಸಣೆಗೆಂದು ಶಾಲೆಗೆ ಕರೆಸಿದರು. ಹೆಣ್ಣುಮಕ್ಕಳಲ್ಲಿ ಹಲವರಿಗೆ ಉರಿಮೂತ್ರ, ಬಿಟ್ಟು ಬಿಟ್ಟು ಬರುವ ಜ್ವರ. ಮನೆಯಿಂದ ತಂದ ನೀರಿನ ಬಾಟಲಿ ಸಂಜೆ ತುಂಬಿದಂತೆಯೇ ವಾಪಸ್ಸು ಹೋಗುತ್ತಿತ್ತು.

"ನಾಲಗಿ ನೋಡ್ರಿ, ಒಣಗಿದ ತೊಗಲಾಗೇದ. ಹಿಂಗ ಮಾಡಿದ್ರ ಕಿಡ್ನಿ ಕೆಡ್ತಾವ. ನೀರು ಕುಡಿಯಾಕ ಏನ್ ಧಾಡಿ ನಿಮಗ?" ಎಂದು ಡಾಕ್ಟರಮ್ಮ ಗದರಿದರು.

"ಸೊಕ್ಕ್ರೀ ಮೇಡಂ. ಬಣ್ಣದ ಸೋಡಾ ಕೊಡ್ರಿ, ಗಟಗಟ ಕುಡೀತಾವ," ಎಂದರು ಮುಖ್ಯೋಪಾಧ್ಯಾಯಿನಿ.

ತಲೆಸುತ್ತಿ ಬಿದ್ದಿದ್ದ ಹುಡುಗಿ ಮೆಲ್ಲಗೆ ಬಾಯಿಬಿಟ್ಟಳು. "ನೀರು ಕುಡಿದ್ರ ಹಿತ್ತಲಕ್ಕ ಹೋಗಬೇಕಾಗ್ತದ್ರೀ."

"ಹೋಗು. ಅಲ್ಲಿ ಸಂಡಾಸ ಅದಾವಲ್ಲ?" ಎಂದರು ಡಾಕ್ಟರಮ್ಮ.

ಹುಡುಗಿಯರು ತಲೆ ತಗ್ಗಿಸಿದರು. ಡಾಕ್ಟರಮ್ಮ ಎದ್ದು ತಾವೇ ಶಾಲೆಯ ಹಿಂದಕ್ಕೆ ಹೋಗಿ ಬಾಗಿಲು ತಳ್ಳಿದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಹೊಲಸು ಹೊಸ್ತಿಲವರೆಗೆ ಹೆಪ್ಪುಗಟ್ಟಿತ್ತು, ನಲ್ಲಿ ತುಕ್ಕು ಹಿಡಿದಿತ್ತು, ಬಿಳಿ ಹುಳುಗಳು ಗೋಡೆ ಹತ್ತುತ್ತಿದ್ದವು. ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಗೋಡಿ ಬಂದವರು ಬೇವಿನ ಗಿಡದ ಬುಡದಲ್ಲಿ ವಾಂತಿ ಮಾಡಿಕೊಂಡರು.

ಅದೇ ಹುಡುಗಿ ಓಡಿಬಂದು ತನ್ನ ಬಾಟಲಿ ಚಾಚಿದಳು. ಡಾಕ್ಟರಮ್ಮ ಬಾಯಿ ಮುಕ್ಕಳಿಸಿ ಉಗುಳಿದರು.

"ಎರಡು ಗುಟುಕು ಕುಡೀರಿ ಮೇಡಂ, ಬಿಸಲಾಗ ನಿಂತೀರಿ."

"ಬ್ಯಾಡವ್ವಾ," ಎಂದರು ಡಾಕ್ಟರಮ್ಮ. "ಸಂಜೀತನಕ ನಾ ಇಲ್ಲೇ ಇರಬೇಕು."