ಕಾಲು ತೆಗೆದಾಗ ಬರುವ ಸಪ್ಪಳ

“ಇದೂ ಅಲ್ರಿ ಚಾಚಾ,” ಎಂದಳು ಪದ್ಮಶ್ರೀ.

ಲಾಡಸಾಬ ಮೂರನೆಯ ವಾಲ್ವನ್ನೂ ಬಿಚ್ಚಿ ಹಳೆಯ ಬಟ್ಟೆಯ ಮೇಲಿಟ್ಟ. ಇಳಕಲ್ಲಿನ ಅಂಚಿನಲ್ಲಿದ್ದ ಅವನ ಗ್ಯಾರೇಜಿಗೆ ಹೆಸರು ಬಂದದ್ದೇ ಈ ಕೆಲಸದಿಂದ. ಟರ್ಬೊ ಕಾರಿನ ಎಂಜಿನ್ನು ಗಾಳಿಯನ್ನು ಒತ್ತಿ ತುಂಬಿಕೊಂಡು ಓಡುತ್ತದೆ. ಓಡಿಸುವವನು ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಉಳಿದ ಗಾಳಿಗೆ ಹೊರದಾರಿ ಬೇಕು. ಆ ದಾರಿಯೇ ಬ್ಲೋ-ಆಫ್ ವಾಲ್ವು. ಗಾಳಿ ಸದ್ದಿಲ್ಲದೆ ಹೋಗುವಂತೆಯೂ ಮಾಡಬಹುದು. ಆದರೆ ಗ್ರಾನೈಟ್ ಸಾಹುಕಾರರ ಮಕ್ಕಳಿಗೆ ಬೇಕಾದದ್ದೇ ಸದ್ದು. ಪುಸ್ಸೆಂದರೆ ಬಜಾರೆಲ್ಲ ತಿರುಗಿ ನೋಡಬೇಕು. ಅವರ ಈ ಚಟವೇ ಲಾಡಸಾಬನ ಅನ್ನ.

ಮಗ ಫಾರೂಕನಿಗೂ ಒಂದು ಕಾಲಕ್ಕೆ ಅದೇ ಹುಚ್ಚು. ಹೋದ ವರ್ಷ ಅದೇನಾಯಿತೋ, ಕಾರನ್ನು ಸೊಲ್ಲಾಪುರಕ್ಕೆ ಹೋಗಿ ಮಾರಿ ಬಂದು, ತೆಪ್ಪಗೆ ಬಸ್ಸು ಹತ್ತತೊಡಗಿದ. ಮಗನಿಗೆ ಅಂತೂ ಬುದ್ಧಿ ಬಂತೆಂದು ಲಾಡಸಾಬ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿದ್ದ. ಈಗ ಫಾರೂಕ ಶೆಡ್ಡಿನೊಳಗೆ ಜೀಪಿನ ಚಕ್ರ ಬಡಿಯುತ್ತಿದ್ದ.

ಹೆಂಗಸೊಬ್ಬಳು ಈ ಸದ್ದು ಹುಡುಕಿಕೊಂಡು ಬಂದದ್ದು ಇದೇ ಮೊದಲು. ಗುಡೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವವಳಂತೆ. ಜೊತೆಗೆ ಅಣ್ಣ ವಿಜಯಮಹಾಂತೇಶ, ಅವನದೊಂದು ಬಿಳಿ ಟರ್ಬೊ ಕಾರು. ಅವಳು ಬಂದವಳೇ ಹೇಳಿದ್ದು ಇಷ್ಟು:

“ಮನಿಯವರು ತೀರಿಕೊಂಡು ವರ್ಷ ಆತ್ರಿ. ಆ ಸಪ್ಪಳ ಇನ್ನೂ ನನ್ನ ಕಿವಿ ಬಿಟ್ಟಿಲ್ಲ. ನನಗ ಅದ ಬೇಕು. ಬಾಗಲಕೋಟಿ, ಹುನಗುಂದ, ಎಲ್ಲಾ ತಿರುಗಿ ಬಂದೇನಿ.”

ಲಾಡಸಾಬನ ಕರುಳು ಚುರ್ ಎಂದಿತು. ಹೆಂಡತಿ ಮಾಬುಬಿ ಹೋದ ಮೇಲೆ, ಬಳೆ ಸದ್ದು ಕೇಳಿಸಿತೆಂದು ಅವನೂ ಎಷ್ಟೋ ಸಲ ಖಾಲಿ ಅಡುಗೆಮನೆಗೆ ಹೋಗಿ ನೋಡಿದವನೇ. ಈ ಹುಡುಗಿಗೆ ಅವಳ ಗಂಡನ ಸದ್ದನ್ನು ಹುಡುಕಿಕೊಟ್ಟೇ ಕಳಿಸುವುದೆಂದು ಪಟ್ಟು ಹಿಡಿದ.

ಆದರೆ ಅವಳು ಕೇಳುವ ರೀತಿ ನೋಡಿದರೆ ಮೈ ಜುಂ ಎನ್ನುತ್ತಿತ್ತು. ಕಾರಿನೊಳಗೆ ಕೂಡಲೊಲ್ಲಳು. ರಸ್ತೆಯ ಅಂಚಿಗೆ ಹೋಗಿ, ಕಾರು ಬರುವ ದಿಕ್ಕಿಗೆ ಬೆನ್ನು ಮಾಡಿ ನಿಲ್ಲುವಳು. ಅಣ್ಣ ದೂರದಿಂದ ಜೋರಾಗಿ ಬಂದು, ಸರಿಯಾಗಿ ಅವಳ ಹಿಂದೆ ಕಾಲು ತೆಗೆಯಬೇಕು. ಪ್ರತಿ ಸಲವೂ ಅವಳ ಹೆಗಲು ಬಿಗಿಯಾಗುತ್ತಿತ್ತು. ಸದ್ದಡಗಿದ ಮೇಲೆ ತಿರುಗಿ, ಕಾರನ್ನಲ್ಲ, ಬರಿದಾದ ರಸ್ತೆಯನ್ನು ನೋಡುತ್ತಿದ್ದಳು. ಅಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ.

“ಒಳಗ ಕುಂತ್ರ ಚಂದ ಕೇಳಿಸ್ತೈತಿ ತಂಗಿ,” ಎಂದ ಲಾಡಸಾಬ.

“ನಾ ಹೊರಗ ನಿಂತ ಕೇಳಿದ್ದೇನ್ರಿ.”

ಗಂಡ ಮನೆಗೆ ಬರುವಾಗ ಬಾಗಿಲಲ್ಲಿ ಕಾಯುತ್ತಿದ್ದಿರಬೇಕು, ಪಾಪ, ಎಂದುಕೊಂಡ.

“ಚಾಚಾ, ಕಾಲ ತಗದ್ರಷ್ಟ ಈ ಸಪ್ಪಳ ಬರತೈತೇನ್ರಿ?”

“ಹೌದವಾ. ಒತ್ತಿದ ಕಾಲ ತಗೀಬೇಕು.”

“ಸಪ್ಪಳ ಬಂದ ಮ್ಯಾಲ ಗಾಡಿ ನಿಲ್ಲದ ಮತ್ತ ಜೋರ ಹೋದ್ರ?”

“ಮತ್ತ ಕಾಲ ಒತ್ಯಾನ ಅಂತ ತಿಳಕೋ.”

ಪದ್ಮಶ್ರೀ ನಿಧಾನಕ್ಕೆ ತಲೆಯಾಡಿಸಿದಳು. ಬಹಳ ದಿನ ಬಗೆಹರಿಯದ ಲೆಕ್ಕವೊಂದು ಸರಿಬಂದಂತಿತ್ತು ಅವಳ ಮುಖ.

“ಆ ಸಪ್ಪಳ ಹ್ಯಾಂಗಿತ್ತು, ಸ್ವಲ್ಪ ಬಿಡಿಸಿ ಹೇಳವಾ.”

“ಬರೇ ಪುಸ್ ಅಲ್ರಿ. ಯಾರೋ ತುತ್ತೂರಿ ಊದಾಕ ಹೋಗಿ, ಉಸುರ ಸಾಲದ ಬಿಟ್ಟಂಗ.”

ಲಾಡಸಾಬನ ಕೈ ನಿಂತಿತು. ಶೆಡ್ಡಿನೊಳಗಿನ ಸುತ್ತಿಗೆ ಸದ್ದೂ ನಿಂತಿತು.

ಅವನು ಎದ್ದು ಹೋಗಿ ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿದ. ಬಾಗಿಲಿಗೆ ಬಂದ ಫಾರೂಕನ ಮುಖದಲ್ಲಿ ರಕ್ತವಿರಲಿಲ್ಲ.

“ಅಬ್ಬಾ, ಅದು ಕೆಟ್ಟೈತಿ. ಬಿಡ್ರಿ ಅದನ್ನ.”

“ಕೆಡಾಕ ಅದೇನ ಹಾಲೇನಲೇ?” ಎಂದು ನಕ್ಕು ಲಾಡಸಾಬ ಬಟ್ಟೆ ಬಿಚ್ಚಿದ. ಹಿತ್ತಾಳೆಯ ಅಗಲ ಬಾಯಿ ಬಿಸಿಲಿಗೆ ಮಿನುಗಿತು. ಅದನ್ನು ಬಿಳಿ ಕಾರಿಗೆ ಕೂರಿಸತೊಡಗಿದ. ಪೈಪಿಗೆ ಜೋಡಿಸಿದ, ಪಟ್ಟಿ ಬಿಗಿದ, ಸ್ಪ್ರಿಂಗು ಒಂದು ಸುತ್ತು ಸಡಿಲಿಸಿದ. ಎಷ್ಟು ಸಡಿಲಿಸಬೇಕೆಂಬುದು ಕೈಗೆ ನೆನಪಿತ್ತು.

ಪದ್ಮಶ್ರೀ ಮತ್ತೆ ಬೆನ್ನು ಮಾಡಿ ನಿಂತಳು. ಕಾರು ಬಂತು. ಅಣ್ಣ ಕಾಲು ತೆಗೆದ. ಅರೆಬರೆ ತುತ್ತೂರಿಯ ದನಿಯೊಂದು ನರಳಿ, ನಡುಗಿ, ಅಡಗಿತು.

ಈ ಸಲ ಅವಳು ತಿರುಗಿ ನೋಡಲಿಲ್ಲ. ನಿಂತಲ್ಲೇ ಕುಸಿದಳು.

“ಇದ ರೀ... ಇದ.”

ಲಾಡಸಾಬನ ಕಣ್ಣೂ ತುಂಬಿ ಬಂತು. ಓಡಿಹೋಗಿ ನೀರು ಕೊಟ್ಟ. ಅವಳು ಕುಡಿಯಲಿಲ್ಲ. ಲೋಟ ಹಿಡಿದುಕೊಂಡೇ ಕೇಳಿದಳು:

“ಇಂಥಾವು ಭಾಳ ಮಂದಿ ಹತ್ರ ಇರತಾವೇನ್ರಿ?”

ಅವನಿಗೆ ಎದೆ ಉಬ್ಬಿತು. “ಎಲ್ಲಿ ಇರತಾವ ತಂಗಿ! ನಮ್ಮಪ್ಪ ಮದಿವಿ ಬ್ಯಾಂಡಿನಾಗ ಊದತಿದ್ದ ತುತ್ತೂರಿ ಬಾಯಿ ಕೊಯ್ದು, ನಾನ ಕೂಡಿಸಿದ್ದು. ದುನಿಯಾದಾಗ ಇದೊಂದ. ಗಾಡಿ ಮಾರಿದ್ರೂ ಮುತ್ಯಾನ ನೆನಪಂತ ಇದನ್ನಷ್ಟ ಬಿಚ್ಚಿ ತಂದ, ನಮ್ಮ ಫಾರೂಕ—”

ಮಾತು ಅಲ್ಲಿಗೇ ನಿಂತಿತು. ಲೋಕಕ್ಕೆಲ್ಲ ಒಂದೇ ಇದ್ದದ್ದನ್ನು ಈ ಹುಡುಗಿ ಎಲ್ಲಿ ಕೇಳಿದಳು?

ಹಿಂದೆ, ಶೆಡ್ಡಿನ ಬಾಗಿಲಲ್ಲಿ, ಫಾರೂಕನ ಕೈಯಿಂದ ಸುತ್ತಿಗೆ ಜಾರಿ ಬಿತ್ತು. ಪದ್ಮಶ್ರೀ ಕಣ್ಣೊರೆಸಿಕೊಂಡು, ಆ ಬಾಗಿಲನ್ನೇ ನೋಡುತ್ತ ಹೇಳಿದಳು:

“ನಮ್ಮ ಮನಿಯವರಿಗೆ ಕಾರ ಇದ್ದಿಲ್ರಿ ಚಾಚಾ. ಅವತ್ತ ಕತ್ತಲಾಗ, ಕಮತಗಿ ರೋಡಿನಾಗ, ಅವರು ನನ್ನ ಹಿಂದ ನಡಕೋತ ಬರಾಕತ್ತಿದ್ರು.”