ಮುಂದೂ ನಲವತ್ತು, ಹಿಂದೂ ನಲವತ್ತು

ಬಸವಪ್ರಭು ಗೋವಾದ ಸೆರೆ ಬಾಟಲಿ ಕದ್ದು ಸಾಗಿಸಲಿದ್ದಾನೆ ಎಂಬುದರಲ್ಲಿ ಮೌಲಾಲಿಗೆ ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಯಾವ ಸಂಶಯವೂ ಉಳಿಯಲಿಲ್ಲ.

ಇಲ್ಲದಿದ್ದರೆ ಐವತ್ತೆಂಟು ಕಿಲೋ ತೂಗುವ ಮನುಷ್ಯನಿಗೆ ಅಂಥ ಗಾಲಿ ಯಾಕೆ?

ಮೌಲಾಲಿಯ ಸೈಕಲ್ ಅಂಗಡಿ ಉಣಕಲ್ಲಿನಲ್ಲಿತ್ತು. ೨೦೦೫ರ ಡಿಸೆಂಬರಿನಲ್ಲಿ ಧಾರವಾಡದ ಸೈಕಲ್ ಸಂಘವೊಂದು ಟ್ರಯಥ್ಲಾನ್ ಪಂದ್ಯ ಇಟ್ಟಿತ್ತು. ಮೊದಲು ಕೆರೆಯಲ್ಲಿ ಈಜು, ಆಮೇಲೆ ಹಳಿಯಾಳದ ಕಡೆ ಏರಿಳಿತದ ರಸ್ತೆಯಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್ಲು, ಕೊನೆಗೆ ಓಟ. ಅದಕ್ಕೆಂದೇ ಮೌಲಾಲಿ ಪುಣೆಯಿಂದ ಹಗುರ ಗಾಲಿ ತರಿಸಿದ್ದ. ಬರೀ ಇಪ್ಪತ್ತು ಕಡ್ಡಿ. ಕಿರುಬೆರಳಿಗೆ ಸಿಕ್ಕಿಸಿ ಎತ್ತಬಹುದಾದಷ್ಟು ಭಾರ. ಪಂದ್ಯಕ್ಕೆ ಹೆಸರು ಕೊಟ್ಟವರೆಲ್ಲ ಬಂದು ಅದನ್ನು ಸವರಿ, ನಿಟ್ಟುಸಿರಿಟ್ಟು, ಕೊಂಡು ಹೋದರು.

ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ವೆಲ್ಡರ್ ಆಗಿದ್ದ ಬಸವಪ್ರಭುವೂ ಪಂದ್ಯಕ್ಕೆ ಗಾಲಿ ಬೇಕೆಂದೇ ಬಂದ; ಅದನ್ನು ಮುಟ್ಟಲೂ ಇಲ್ಲ.

“ಇದು ಸಾಲೂದಿಲ್ರಿ. ಮುಂದೂ ನಲವತ್ತು ಕಡ್ಡಿ, ಹಿಂದೂ ನಲವತ್ತು ಕಡ್ಡಿ ಹಾಕಿ ಗಾಲಿ ಕಟ್ಟಿಕೊಡ್ರಿ.”

ಮೌಲಾಲಿ ನಕ್ಕ. “ಹೆಬ್ಬಳ್ಳಿಯಿಂದ ಹಾಲಿನ ಕ್ಯಾನ್ ತರಾವ್ರು ಸುದ್ದಾ ಹಿಂದಷ್ಟ ನಲವತ್ತು ಹಾಕಸ್ತಾರ್ರಿ. ಗುಡ್ಡ ಹತ್ತಬೇಕಲ್ರಿ ನೀವು! ಒಂದೊಂದು ಗ್ರಾಂ ಜೀವಾ ತಿಂತೈತಿ.”

“ಹತ್ತೂದರ ಚಿಂತಿ ಇಲ್ರಿ. ಇಳಿಜಾರಿನ್ಯಾಗ ಬ್ರೇಕ್ ಹಿಡದ್ರ ರಿಮ್ ಕಾಯಬಾರದು, ತೆಗ್ಗಿನ್ಯಾಗ ಬಿದ್ರ ಕಡ್ಡಿ ಮುರೀಬಾರದು. ಸ್ವಲ್ಪ ಭಾರ ಬೀಳತೈತಿ.”

“ಏನ್ ಭಾರ?”

ಬಸವಪ್ರಭು ಅತ್ತಿತ್ತ ನೋಡಿದ. “ಅದನ್ನ ಯಾರ ಮುಂದೂ ಹೇಳಬಾರದಂತ ಆಣಿ ಹಾಕ್ಯಾರ್ರಿ.”

“ಸೈಕಲ್ಲರ ತಗೊಂಡ ಬರ್ರಿ, ಹಚ್ಚಿ ಕೊಡ್ತೇನಿ.”

“ಬ್ಯಾಡ್ರಿ. ಗಾಲಿ ಅಷ್ಟ ಕೊಡ್ರಿ. ಮನ್ಯಾಗ ಹಚ್ಕೋತೇನಿ.”

ಮೌಲಾಲಿಯ ನಗು ಅಲ್ಲಿಗೆ ನಿಂತಿತು. ಹಳಿಯಾಳದ ರಸ್ತೆ. ಅದರಾಚೆ ಗೋವಾದ ದಾರಿ. ಎದೆಯ ಮೇಲೆ ನಂಬರು ಹಚ್ಚಿಕೊಂಡು ಬೆವರು ಸುರಿಸುತ್ತ ಹೋಗುವವನನ್ನು ಯಾವ ಚೆಕ್‌ಪೋಸ್ಟಿನವನು ತಡೆದಾನು?

ಮರುದಿನ ಎಮ್ಮೆ ಕಾಯುವ ಯಂಕವ್ವ ಇನ್ನೊಂದು ಸುದ್ದಿ ತಂದಳು. ಬೆಳಗಿನ ಮಂಜಿನಲ್ಲಿ ಬಸವಪ್ರಭು ಕೆರೆಯಲ್ಲಿ ಈಜುತ್ತಿದ್ದನಂತೆ. “ನಡಕ್ಕ ಹಗ್ಗಾ ಕಟಗೊಂಡಾನೋ ಯಪ್ಪಾ. ಹಗ್ಗದ ಆ ತುದೀಗೆ ಏನೋ ಇತ್ತು. ನನಗ ಕಾಣಲಿಲ್ಲ.”

ಮೌಲಾಲಿಗೆ ಮಾತ್ರ ಕಂಡಂತಾಯಿತು. ನೀರೊಳಗೆ ಮೂಟೆ ಎಳೆಯುವ ತಾಲೀಮು!

ಆದರೂ ಕೆಲಸ ಕೆಲಸವೇ. ನಾಲ್ಕು ದಿನ ಕೂತು ಎರಡೂ ಗಾಲಿ ಕಟ್ಟಿದ. ಒಯ್ಯಲು ಬಸವಪ್ರಭು ಹೆಂಡತಿ ಭುವನೇಶ್ವರಿಯೊಂದಿಗೆ ಬಂದ. ನಡುವಯಸ್ಸಿನ ಇಬ್ಬರೂ ಹಾಡಹಗಲೇ, ಹಾದಿಬೀದಿಯಲ್ಲಿ, ಕೈಕೈ ಹಿಡಿದುಕೊಂಡು ಬಂದದ್ದನ್ನು ನೋಡಿ ಮೌಲಾಲಿಗೇ ನಾಚಿಕೆಯಾಯಿತು. ತಲೆ ತಗ್ಗಿಸಿ ಕಡ್ಡಿ ಬಿಗಿಯುವ ಪಾನಾ ಒರೆಸುತ್ತ ಕೂತ.

ಭುವನೇಶ್ವರಿ ಗಾಲಿಯನ್ನು ಒಮ್ಮೆ ತಿರುಗಿಸಿ ಸುಮ್ಮನೆ ನಿಂತಳು. ಅದು ನಿಲ್ಲುವ ಮೊದಲೇ ಹೇಳಿದಳು: “ಒಂದು ಕಡ್ಡಿ ಸಡಿಲ ಐತ್ರಿ.”

ಮೂವತ್ತು ವರ್ಷದಿಂದ ಗಾಲಿ ಕಟ್ಟುವವನಿಗೆ ಒಬ್ಬ ಹೆಂಗಸಿನ ತಿದ್ದುಪಡಿ! ಸಿಟ್ಟಿನಿಂದ ಒಂದೊಂದೇ ಕಡ್ಡಿ ಮೀಟಿದ. ಹದಿನೇಳನೆಯದು ಸಡಿಲವಿತ್ತು. ಬಿಗಿ ಮಾಡಿದ. ಇಂಥ ಚುರುಕು ಹೆಂಗಸೂ ಈ ದಂಧೆಯಲ್ಲಿ ಶಾಮೀಲು ಎಂದುಕೊಂಡಾಗ ಅವನಿಗೆ ನಿಜಕ್ಕೂ ಕೆಡುಕೆನಿಸಿತು.

ಪಂದ್ಯದ ದಿನ ಸೈಕಲ್ ದುರಸ್ತಿಗೆಂದು ಸಂಘದವರು ಮೌಲಾಲಿಯನ್ನು ಎಲ್ಲಕ್ಕಿಂತ ಕಡಿದಾದ ಏರಿನ ತುದಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಪಟ್ಟಿ ಹಿಡಿದ ಕಾರ್ಯದರ್ಶಿ ಗುರುಶಿದ್ದಪ್ಪ. ಮೌಲಾಲಿ ಮನಸ್ಸಿನಲ್ಲೇ ತೀರ್ಮಾನಿಸಿದ್ದ: ಮೂಟೆ ಕಂಡರೆ ತಾನೇ ಪೊಲೀಸರಿಗೆ ಹೇಳುವುದು. ನಾಳೆ ಆ ಗಾಲಿ ಕಟ್ಟಿದವನು ಯಾರೆಂದು ಕೇಳಿದರೆ ಅಂಗಡಿಯ ಮಾನ ಏನಾಗಬೇಕು?

ಹಗುರ ಗಾಲಿಯವರು ಬುರ್ರೆಂದು ಬಂದರು. ತೆಗ್ಗಿನಲ್ಲಿ ಬಿದ್ದು ಇಬ್ಬರ ಕಡ್ಡಿ ಮುರಿದಿದ್ದವು. ಮೌಲಾಲಿ ಬಗ್ಗಿ ಆ ಗಾಲಿಗಳ ಬೆಂಡ್ ತೆಗೆಯುತ್ತಿದ್ದಾಗ ಕೆಳಗಿನಿಂದ ಜೋರು ದನಿ ಕೇಳಿತು.

“ತುಳೀರಿ! ನಿದ್ದಿ ಮಾಡಾಕತ್ತೀರೇನು? ನಾ ಒಬ್ಬಾಕಿನ ತುಳ್ಯಾಕತ್ತೇನಿ!”

ಏರು ಹತ್ತಿ ಬಂದದ್ದು ಒಂದು ಉದ್ದನೆಯ ಸೈಕಲ್ಲು. ಎರಡು ಸೈಕಲ್ ಕತ್ತರಿಸಿ ಒಂದಾಗಿ ಬೆಸೆದದ್ದು. ಎರಡು ಸೀಟು, ನಾಲ್ಕು ಪೆಡಲು. ಮುಂದೆ ಏದುಸಿರು ಬಿಡುತ್ತಿದ್ದ ಬಸವಪ್ರಭು. ಹಿಂದೆ ಸೀರೆ ಬಿಟ್ಟು ಪ್ಯಾಂಟು ತೊಟ್ಟ ಭುವನೇಶ್ವರಿ. ಬಾಟಲಿಯೂ ಇಲ್ಲ, ಮೂಟೆಯೂ ಇಲ್ಲ. ಹಗುರ ಗಾಲಿಯ ಮತ್ತೊಬ್ಬನನ್ನು ಹಿಂದೆ ಹಾಕಿ ಇಬ್ಬರೂ ಇಳಿಜಾರಿಗಿಳಿದರು.

ಮೌಲಾಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಂಟು ದಿನದ ಭಾರ ಇಳಿದಂತಾಯಿತು.

“ಗುರುಶಿದ್ದಪ್ಪನವ್ರ, ಇದೆಂಥಾ ರೇಸ್‌ರಿ! ಹೇಣ್ತಿನ್ನ ಹಿಂದ ಕುಂದ್ರಿಸ್ಕೊಂಡು ತುಳಸಾಕತ್ತಾನ. ಇದು ಮೋಸ ಅಲ್ಲೇನ್ರಿ? ಅಂವನ ಹೆಸರ ಹೊಡದ ಹಾಕ್ರಿ.”

ಗುರುಶಿದ್ದಪ್ಪ ಪಟ್ಟಿಯ ಮೇಲೆ ಬೆರಳಿಟ್ಟು ತಣ್ಣಗೆ ಹೇಳಿದ.

“ಹೊಡದ ಹಾಕಾಕ ಅಂವನ ಹೆಸರು ಇದರಾಗ ಇದ್ರಲ್ಲೋ ಮೌಲಾಲಿ? ಪಂದ್ಯಕ್ಕ ಬಂದಾಕಿ ಆಕಿ, ಆಕಿಗೆ ಹುಟ್ಟಾ ಕಣ್ಣ ಕಾಣೂದಿಲ್ಲ. ಅಂವ ಬರೇ ದಾರಿ ತೋರಸಾಕ ಬಂದಾನ.”